ಹಳೆ ಶಿರಾತಾಕಿ: ಜಪಾನಿನ ಒಂದು ಪುಟ್ಟ ರೈಲು ನಿಲ್ದಾಣದ ಚರಿತ್ರೆ



ಜಪಾನ್ ದೇಶದ ಉತ್ತರ ಭಾಗದ ಹಳ್ಳಿಯೊಂದರಲ್ಲಿ ಒಬ್ಬಳೇ ವಿದ್ಯಾರ್ಥಿನಿಗಾಗಿ ಒಂದು ರೈಲು ನಿಲ್ದಾಣವನ್ನು ಮೂರು ವರ್ಷ ಮುಚ್ಚದೆ ಉಳಿಸಿದರು. ಅವಳ ಶಾಲೆಯ ವೇಳೆಗೆ ಸರಿಯಾಗಿ ದಿನಕ್ಕೆ ಎರಡು ಬಾರಿ ಗಾಡಿ ನಿಲ್ಲಿಸಿದರು. ಅವಳು ಓದು ಮುಗಿಸಿದ ಮೇಲೆ ನಿಲ್ದಾಣವನ್ನು ಮುಚ್ಚಿದರು. ಈ ಕಥೆಯನ್ನು ನಿಮ್ಮಲ್ಲಿ ಅನೇಕರು ಮೊಬೈಲ್ ಫೋನಿನಲ್ಲಿ ಓದಿರುತ್ತೀರಿ. ಭಾಷಣಗಳಲ್ಲಿ ಕೇಳಿಯೂ ಇರಬಹುದು. 2016ರ ಜನವರಿಯಲ್ಲಿ ಚೀನಾದ ಸರ್ಕಾರಿ ಟೆಲಿವಿಷನ್ನಿನ ಫೇಸ್‌ಬುಕ್ ಪುಟದಲ್ಲಿ ಪ್ರಕಟವಾದ ಈ ಸುದ್ದಿ ಕೆಲವೇ ದಿನಗಳಲ್ಲಿ ಜಗತ್ತಿನ ತುಂಬ ಹರಡಿತು. ಒಂದು ದೇಶವು ತನ್ನ ಮಗುವಿನ ಓದಿಗೆ ಕೊಡುವ ಬೆಲೆಯೆಂದರೆ ಇದು ಎಂದು ಲಕ್ಷಾಂತರ ಜನ ಕಣ್ಣೀರಿಟ್ಟರು.

ಕಥೆ ಚೆಂದವಾಗಿದೆ, ನಿಜ. ಆದರೆ ಇತಿಹಾಸ ಓದುವವರಿಗೆ ಕಥೆಯ ಚೆಂದ ಸಾಲದು. ಆ ನಿಲ್ದಾಣ ಯಾವುದು, ಯಾರು ಕಟ್ಟಿದರು, ಯಾಕೆ ಅಲ್ಲಿ ಸಿಬ್ಬಂದಿ ಇರಲಿಲ್ಲ, ಯಾಕೆ ಮುಚ್ಚಿತು ಎಂದು ಕೇಳುತ್ತಾ ಹೋದರೆ ನಮ್ಮ ಮುಂದೆ ಬೇರೆಯೇ ಒಂದು ಚಿತ್ರ ತೆರೆದುಕೊಳ್ಳುತ್ತದೆ. ಅದು ಅಷ್ಟು ಸಿಹಿಯಲ್ಲ. ಆದರೆ ಬೆಳಗಿನ ಒಂದೇ ಬಸ್ಸನ್ನು ನಂಬಿ ಕಾಲೇಜು ಮುಗಿಸಿದವರಿಗೆ ಅದು ಆ ಸಿಹಿ ಕಥೆಗಿಂತ ಹೆಚ್ಚು ಹತ್ತಿರವೆನಿಸೀತು.

ಮೊದಲಿಗೆ ಸ್ಥಳ. ಜಪಾನಿನ ನಾಲ್ಕು ದೊಡ್ಡ ದ್ವೀಪಗಳಲ್ಲಿ ಉತ್ತರದ್ದು ಹೊಕ್ಕೈಡೊ. ವಿಸ್ತೀರ್ಣ ಸುಮಾರು 83,000 ಚದರ ಕಿಲೋಮೀಟರ್. ಇದು ಮೂಲತಃ ಐನು ಎಂಬ ಜನಾಂಗದ ನೆಲ. 1869ರಲ್ಲಿ ಮೇಜಿ ಸರ್ಕಾರ ಈ ದ್ವೀಪಕ್ಕೆ ಹೊಕ್ಕೈಡೊ ಎಂದು ಹೊಸ ಹೆಸರಿಟ್ಟು, ದಕ್ಷಿಣದಿಂದ ವಲಸಿಗರನ್ನು ತಂದು ನೆಲೆಗೊಳಿಸತೊಡಗಿತು. ಊರುಗಳ ಹೆಸರುಗಳಲ್ಲಿ ಐನು ಭಾಷೆ ಇಂದಿಗೂ ಉಳಿದಿದೆ. ನಮ್ಮ ಲೇಖನದಲ್ಲಿ ಬರುವ ಎಂಗರು ಪಟ್ಟಣದ ಹೆಸರೇ ಐನು ಮೂಲದ್ದು. ದೂರದವರೆಗೆ ನೋಡಬಹುದಾದ ಜಾಗ ಎಂದು ಅದರ ಅರ್ಥ. ಊರಿನ ನಡುವೆ ಎದ್ದು ನಿಂತ ದೊಡ್ಡ ಬಂಡೆಯನ್ನು ನೋಡಿದರೆ ಹೆಸರಿನ ಔಚಿತ್ಯ ತಿಳಿಯುತ್ತದೆ.

ಎಂಗರುವಿನಿಂದ ಪಶ್ಚಿಮಕ್ಕೆ ನದಿಯ ಕಣಿವೆ ಹಿಡಿದು ಬೆಟ್ಟದ ಕಡೆ ಹೋದರೆ ಶಿರಾತಾಕಿ ಸಿಗುತ್ತದೆ. ಬಿಳಿ ಜಲಪಾತ ಎಂದು ಈ ಹೆಸರಿನ ಅರ್ಥ. ಅಲ್ಲಿ ಚಳಿಗಾಲದಲ್ಲಿ ಉಷ್ಣತೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಇಳಿಯುವುದು ಹೊಸದೇನಲ್ಲ. ಹಿಮಯುಗದ ಮನುಷ್ಯರು ಇಲ್ಲಿನ ಕಪ್ಪು ಗಾಜಿನಂಥ ಜ್ವಾಲಾಮುಖಿ ಶಿಲೆಯಿಂದ ಆಯುಧಗಳನ್ನು ಮಾಡುತ್ತಿದ್ದರು. ಆ ಆಯುಧಗಳನ್ನು 2023ರಲ್ಲಿ ಜಪಾನ್ ರಾಷ್ಟ್ರೀಯ ನಿಧಿಯೆಂದು ಘೋಷಿಸಿತು. ಅಂದರೆ ಸಾವಿರಾರು ವರ್ಷಗಳ ಹಿಂದೆಯೇ ಜನ ನಡೆದಾಡಿದ ನೆಲ ಅದು. ಆದರೆ ಇಂದಿನ ಊರಿನ ಇತಿಹಾಸ ಆರಂಭವಾಗುವುದು ಒಂದು ರಸ್ತೆಯಿಂದ, ಮತ್ತು ಆ ರಸ್ತೆ ಮಾಡಿದ ಕೈದಿಗಳಿಂದ.

1891ರಲ್ಲಿ ಅಬಾಶಿರಿ ಎಂಬಲ್ಲಿನ ಸೆರೆಮನೆಯ ಸಾವಿರಕ್ಕೂ ಮಿಕ್ಕ ಕೈದಿಗಳನ್ನು ಈ ಕಾಡಿಗೆ ತಂದು, ಸಮುದ್ರ ತೀರದಿಂದ ಬೆಟ್ಟದ ಕಣಿವೆ ದಾರಿಯವರೆಗೆ ಸುಮಾರು 160 ಕಿಲೋಮೀಟರ್ ರಸ್ತೆ ಮಾಡಿಸಲಾಯಿತು. ಕೆಲಸ ಒಂದು ವರ್ಷದೊಳಗೇ ಮುಗಿಯಿತು. ಹಗಲು ರಾತ್ರಿ ದುಡಿಸಿದ್ದರಿಂದ ಮತ್ತು ಪೌಷ್ಟಿಕ ಆಹಾರವಿಲ್ಲದ್ದರಿಂದ ಇನ್ನೂರಕ್ಕೂ ಹೆಚ್ಚು ಕೈದಿಗಳು ಸತ್ತರು. ಸತ್ತವರನ್ನು ರಸ್ತೆ ಪಕ್ಕದಲ್ಲೇ, ಕಾಲಿನ ಸರಪಳಿಯ ಸಮೇತ ಹೂತರು. ಹಾಗೆ ಹೂತ ದಿಬ್ಬಗಳಿಗೆ ಜನ ಸರಪಳಿ ದಿಬ್ಬಗಳೆಂದೇ ಹೆಸರಿಟ್ಟರು.

ಆ ರಸ್ತೆಯ ಮೇಲೆ 1912ರಲ್ಲಿ ದಕ್ಷಿಣದ ವಾಕಾಯಾಮಾ ಪ್ರಾಂತದಿಂದ ಐವತ್ತಕ್ಕೂ ಹೆಚ್ಚು ಕುಟುಂಬಗಳು ಶಿರಾತಾಕಿಗೆ ಬಂದವು. ಅವರ ಮುಂದಾಳು ಮೊರಿಹೆಯ್ ಉಯೆಶಿಬಾ. ನಮ್ಮ ಕರಾಟೆ ತರಗತಿಗಳಿಗೆ ಹೋಗುವ ವಿದ್ಯಾರ್ಥಿಗಳಿಗೆ ಈ ಹೆಸರು ಗೊತ್ತಿರಬಹುದು. ಮುಂದೆ ಐಕಿಡೊ ಎಂಬ ಸಮರ ಕಲೆಯನ್ನು ರೂಪಿಸಿದವರು ಇವರೇ. ಇವರೆಲ್ಲ ಕಾಡು ಕಡಿದು ಹೊಲ ಮಾಡಿ ಹಳ್ಳಿ ಕಟ್ಟಿದರು. ನಂತರ ರೈಲು ಬಂತು. 1929ರ ಆಗಸ್ಟ್‌ನಲ್ಲಿ ಎಂಗರು ಕಡೆಯಿಂದ ಶಿರಾತಾಕಿಯವರೆಗೆ, 1932ರ ಅಕ್ಟೋಬರ್ 1ರಂದು ಬೆಟ್ಟದೊಳಗೆ 4,329 ಮೀಟರ್ ಉದ್ದದ ಸುರಂಗ ಕೊರೆದು ಆಚೆಯ ಅಸಾಹಿಕಾವಾ ಕಡೆಗೆ. ಈ ಮಾರ್ಗವೇ ಸೆಕಿಹೊಕು. ಇಂದಿನ ಲೆಕ್ಕದಲ್ಲಿ ಅಬಾಶಿರಿಯವರೆಗೆ 234 ಕಿಲೋಮೀಟರ್.

ರೈಲು ನಿಲ್ದಾಣ ಎಲ್ಲಿ ಬಂತೋ ಅಲ್ಲಿಗೆ ಊರಿನ ಕೇಂದ್ರ ಸರಿಯುತ್ತದೆ. ಶಿರಾತಾಕಿಯಲ್ಲಿಯೂ ಹಾಗೆಯೇ ಆಯಿತು. ಮೊದಲು ಊರಿದ್ದ ಜಾಗ ಹಳೆ ಶಿರಾತಾಕಿಯಾಯಿತು. ಜಪಾನಿ ಭಾಷೆಯಲ್ಲಿ ಕ್ಯೂ-ಶಿರಾತಾಕಿ. ಕ್ಯೂ ಎಂದರೆ ಹಳೆಯದು. ಈ ಕಣಿವೆಯಲ್ಲಿ ಒಟ್ಟು ಐದು ಶಿರಾತಾಕಿಗಳಿದ್ದವು: ಒಳ ಶಿರಾತಾಕಿ, ಮೇಲಿನ ಶಿರಾತಾಕಿ, ಬರೀ ಶಿರಾತಾಕಿ, ಹಳೆ ಶಿರಾತಾಕಿ, ಕೆಳ ಶಿರಾತಾಕಿ. ಐದೂ ರೈಲು ನಿಲ್ದಾಣಗಳೇ. ಈ ಹೆಸರುಗಳ ಗೊಂದಲವೇ ಮುಂದೆ ಜಗತ್ತಿನ ಪತ್ರಿಕೆಗಳನ್ನು ದಾರಿ ತಪ್ಪಿಸಿತು. ಅದನ್ನು ಮುಂದೆ ಹೇಳುತ್ತೇನೆ.

ಇದೇ ಮಾರ್ಗದ ಇನ್ನೊಂದು ಜಾಗವನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಎಂಗರುವಿನಿಂದ ಅಬಾಶಿರಿ ಕಡೆಗೆ ಹೋಗುವಾಗ ಜೋಮೊನ್ ಎಂಬ ಸುರಂಗ ಬರುತ್ತದೆ. ಉದ್ದ ಕೇವಲ 507 ಮೀಟರ್. 1912ರಿಂದ 1914ರವರೆಗೆ ಇದನ್ನು ಕೊರೆದವರು ಆಸೆ ತೋರಿಸಿ ಕರೆತಂದು, ಕಾವಲಿಟ್ಟ ಗುಡಿಸಲುಗಳಲ್ಲಿ ಕೂಡಿಹಾಕಿ ದುಡಿಸಲ್ಪಟ್ಟ ಕೂಲಿಗಳು. ಕಾಯಿಲೆ ಬಿದ್ದವರನ್ನು ಗೋಡೆಯಲ್ಲಿಟ್ಟು ಕಟ್ಟಿದ್ದಾರೆಂದು ಸುತ್ತಲಿನ ಜನ ದಶಕಗಳ ಕಾಲ ಪಿಸುಗುಟ್ಟುತ್ತಿದ್ದರು. ಅದು ಕಟ್ಟುಕಥೆಯೆಂದೇ ಹಲವರು ತಿಳಿದಿದ್ದರು. 1968ರ ಭೂಕಂಪದಲ್ಲಿ ಸುರಂಗ ಬಿರುಕು ಬಿಟ್ಟಿತು. 1970ರಲ್ಲಿ ಅದನ್ನು ರಿಪೇರಿ ಮಾಡುವಾಗ ಇಟ್ಟಿಗೆ ಗೋಡೆಯ ಹಿಂದೆ ನಿಂತ ಭಂಗಿಯಲ್ಲಿದ್ದ ಮನುಷ್ಯನ ಅಸ್ಥಿಪಂಜರ ಸಿಕ್ಕಿತು. 1980ರಲ್ಲಿ ಸಮೀಪದ ಕಾನೆಹನಾ ಎಂಬ ನಿಲ್ದಾಣದ ಬಳಿ ಆ ಕೂಲಿಗಳಿಗಾಗಿ ಸ್ಮಾರಕ ನಿಲ್ಲಿಸಿದರು. ಕಟ್ಟುಕಥೆಯೆಂದುಕೊಂಡದ್ದು ನಿಜವಾದ ಮಾರ್ಗ ಇದು. ಅದೇ ಮಾರ್ಗದಲ್ಲಿ ನಿಜವೆಂದುಕೊಂಡ ಕಥೆಯೊಂದು ಪೂರ್ತಿ ನಿಜವಲ್ಲವೆಂದು ತಿಳಿದುಬಂದದ್ದು ವಿಚಿತ್ರವೇ ಸರಿ.

ಈಗ ನಮ್ಮ ನಿಲ್ದಾಣಕ್ಕೆ ಬರೋಣ. ಮಹಾಯುದ್ಧ ಮುಗಿದು ಎರಡು ವರ್ಷವೂ ತುಂಬದ ಕಾಲ. 1947ರ ಫೆಬ್ರವರಿ 11ರಂದು ಹಳೆ ಶಿರಾತಾಕಿಯಲ್ಲಿ ಗಾಡಿ ನಿಲ್ಲತೊಡಗಿತು. ಆದರೆ ಕಾಗದದ ಮೇಲೆ ಅದು ನಿಲ್ದಾಣವಾಗಿರಲಿಲ್ಲ, ತಾತ್ಕಾಲಿಕವಾಗಿ ಹತ್ತಿ ಇಳಿಯುವ ಜಾಗ ಮಾತ್ರ. ಹೊಕ್ಕೈಡೊದಲ್ಲಿ ಇಂಥವು ಬಹಳ ಇದ್ದವು. ಟೋಕಿಯೋದ ಕೇಂದ್ರ ಕಚೇರಿಯ ಅಪ್ಪಣೆಗೆ ಕಾಯದೆ ಸ್ಥಳೀಯ ರೈಲ್ವೆ ಅಧಿಕಾರಿಗಳೇ ಜನರ ಅನುಕೂಲಕ್ಕಾಗಿ ಮಾಡಿಕೊಟ್ಟ ವ್ಯವಸ್ಥೆ ಇದು. ದೇಶದ ವೇಳಾಪಟ್ಟಿಯ ಪುಸ್ತಕದಲ್ಲಿ ಸಾಮಾನ್ಯವಾಗಿ ಇವುಗಳ ಹೆಸರು ಇರುತ್ತಿರಲಿಲ್ಲ. ಟಿಕೆಟ್ ಲೆಕ್ಕ ಹಾಕುವಾಗ ಪಕ್ಕದ ನಿಜವಾದ ನಿಲ್ದಾಣದ ದರ ಹಿಡಿಯುತ್ತಿದ್ದರು. ಒಂದು ಬೋಗಿಗೆ ಸಾಕಾಗುವ ಗಿಡ್ಡ ಪ್ಲಾಟ್‌ಫಾರ್ಮ್, ಒಂದೇ ಹಳಿ, ಹಿಮ ಬೀಳುವಾಗ ನಿಲ್ಲಲು ಮರದ ಒಂದು ಗೂಡು. ಸ್ಟೇಷನ್ ಮಾಸ್ತರರು ಅಲ್ಲಿ ಎಂದೂ ಇರಲಿಲ್ಲ.

ಆ ವರ್ಷದ ಇನ್ನೊಂದು ಘಟನೆಯನ್ನೂ ಗಮನಿಸಬೇಕು. 1947ರ ಏಪ್ರಿಲ್‌ನಲ್ಲಿಯೇ ಜಪಾನಿನ ಹೊಸ ಶಿಕ್ಷಣ ಪದ್ಧತಿ ಜಾರಿಗೆ ಬಂದು ಒಂಬತ್ತು ವರ್ಷಗಳ ಓದು ಕಡ್ಡಾಯವಾಯಿತು. ಮರುವರ್ಷ ಮೂರು ವರ್ಷಗಳ ಹೈಸ್ಕೂಲು ಬಂತು. ಇದು ನಮ್ಮ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿಗೆ ಸರಿಸಮವಾದ ಹಂತ, ಅದು ಕಡ್ಡಾಯವಲ್ಲ. ಕಡ್ಡಾಯ ಶಿಕ್ಷಣದ ಮಕ್ಕಳಿಗೆ ಶಾಲೆ ಹತ್ತಿರದಲ್ಲಿರುವಂತೆ ನೋಡಿಕೊಳ್ಳುವುದು ಸ್ಥಳೀಯ ಆಡಳಿತದ ಹೊಣೆ. ಹೈಸ್ಕೂಲು ಮಾತ್ರ ದೊಡ್ಡ ಪಟ್ಟಣದಲ್ಲಿ. ಹಳೆ ಶಿರಾತಾಕಿಯವರಿಗೆ ಅದು ಮೂವತ್ತು ಕಿಲೋಮೀಟರಿಗೂ ಮಿಕ್ಕಿದ ದೂರದ ಎಂಗರು. ಕಾರು ಓಡಿಸುವ ವಯಸ್ಸು ಆಗಿರುವುದಿಲ್ಲ, ಹಿಮದಲ್ಲಿ ಸೈಕಲ್ ಹೋಗುವುದಿಲ್ಲ. ಜಪಾನಿನ ಹಳ್ಳಿಗಾಡಿನ ರೈಲುಗಳಲ್ಲಿ ಬೆಳಗಿನ ಹೊತ್ತು ಹೈಸ್ಕೂಲಿನ ಮಕ್ಕಳೇ ತುಂಬಿರುವುದಕ್ಕೆ ಕಾರಣ ಇದು. ಅವರಿಗೆ ರಿಯಾಯಿತಿ ದರದ ಪಾಸು ಉಂಟು. ಆದುದರಿಂದಲೇ ರೈಲ್ವೆಯ ಲೆಕ್ಕದಲ್ಲಿ ಅವರು ಬಹಳವಾಗಿ ಬೇಕಾದ, ಆದರೆ ಬಹಳ ಕಡಿಮೆ ಹಣ ತರುವ ಪ್ರಯಾಣಿಕರು.

ಸಿಬ್ಬಂದಿಯಿಲ್ಲದ ನಿಲ್ದಾಣವೆಂದರೆ ನಮ್ಮಲ್ಲಿ ಕೆಲವರಿಗೆ ಪಾಳುಬಿದ್ದ ಜಾಗವೆಂಬ ಭಾವನೆ ಬರಬಹುದು. ಹಾಗಲ್ಲ. ಹಿಂದೆ ಒಂಟಿ ಹಳಿಯ ಮಾರ್ಗಗಳಲ್ಲಿ ಎರಡು ಗಾಡಿಗಳು ಎದುರುಬದುರಾಗದಂತೆ ನಿಲ್ದಾಣದ ನೌಕರರು ಲೋಹದ ಬಿಲ್ಲೆಯನ್ನು ಡ್ರೈವರ್ ಕೈಗೆ ಕೊಟ್ಟು ಮುಂದೆ ಬಿಡುತ್ತಿದ್ದರು. ಟಿಕೆಟ್ ಕೊಡುವುದು, ಪಾರ್ಸೆಲ್ ಹೊರುವುದು, ಹಳಿ ಬದಲಿಸುವುದು ಎಲ್ಲವೂ ಅವರದೇ. ಸಿಗ್ನಲ್ಲುಗಳನ್ನು ದೂರದ ಒಂದು ಕೊಠಡಿಯಿಂದಲೇ ನಡೆಸುವ ಯಂತ್ರ ಬಂದ ಮೇಲೆ, ಪಾರ್ಸೆಲ್ಲೂ ಮರದ ದಿಮ್ಮಿಗಳೂ ಲಾರಿಗೆ ಹೋದ ಮೇಲೆ, ಹಳ್ಳಿಯ ನಿಲ್ದಾಣಗಳಲ್ಲಿ ನೌಕರರಿಗೆ ಕೆಲಸ ಉಳಿಯಲಿಲ್ಲ. 1980ರ ದಶಕದ ಹೊತ್ತಿಗೆ ಹೊಕ್ಕೈಡೊದ ನೂರಾರು ನಿಲ್ದಾಣಗಳಿಂದ ಅವರನ್ನು ಹಿಂದಕ್ಕೆ ಕರೆಸಿಕೊಂಡರು. ಗಾಡಿಯಲ್ಲೂ ಡ್ರೈವರ್ ಒಬ್ಬರೇ. ಹಿಂಬಾಗಿಲಿನಲ್ಲಿ ಹತ್ತುವಾಗ ಅಂಕಿಯ ಚೀಟಿಯೊಂದನ್ನು ಎಳೆದುಕೊಳ್ಳಬೇಕು. ಇಳಿಯುವಾಗ ಮುಂದಿನ ಫಲಕದಲ್ಲಿ ಆ ಅಂಕಿಯ ಕೆಳಗೆ ಕಾಣುವ ದರವನ್ನು ಡ್ರೈವರ್ ಪಕ್ಕದ ಡಬ್ಬಿಗೆ ಹಾಕಬೇಕು. 2020ರ ಲೆಕ್ಕದಂತೆ ಜಪಾನಿನ ಸುಮಾರು 9,500 ನಿಲ್ದಾಣಗಳಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಇಂಥವೇ. ಇದರಿಂದ ಎಲ್ಲರಿಗೂ ಒಳಿತಾಗಿದೆ ಎಂದಲ್ಲ. ಗಾಲಿಕುರ್ಚಿಯಲ್ಲಿ ಓಡಾಡುವವರು ತಮಗೆ ನೆರವಾಗಲು ನಿಲ್ದಾಣದಲ್ಲಿ ಯಾರೂ ಇಲ್ಲವೆಂದು ಅದೇ ವರ್ಷ ದಕ್ಷಿಣದ ಓಯಿತಾ ಎಂಬಲ್ಲಿ ನ್ಯಾಯಾಲಯಕ್ಕೆ ಹೋದರು.

ಮುಂದಿನ ಭಾಗವನ್ನು ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳು ಸ್ವಲ್ಪ ಗಮನವಿಟ್ಟು ಓದಬೇಕು. 1987ರ ಏಪ್ರಿಲ್ 1ರಂದು ಜಪಾನ್ ತನ್ನ ರಾಷ್ಟ್ರೀಯ ರೈಲ್ವೆಯನ್ನು ಒಡೆದು ಆರು ಪ್ರಯಾಣಿಕ ಕಂಪೆನಿಗಳನ್ನೂ ಒಂದು ಸರಕು ಕಂಪೆನಿಯನ್ನೂ ಮಾಡಿತು. ಹಳೆಯ ರೈಲ್ವೆಯ ಸಾಲ ಸುಮಾರು 37 ಲಕ್ಷ ಕೋಟಿ ಯೆನ್‌ಗೆ ಏರಿತ್ತು. ಅಂದೇ ಹಳೆ ಶಿರಾತಾಕಿಗೆ ಪೂರ್ಣ ಪ್ರಮಾಣದ ನಿಲ್ದಾಣವೆಂಬ ಪದವಿ ಸಿಕ್ಕಿತು. ಸರ್ಕಾರಿ ರೈಲ್ವೆ ಇರುವವರೆಗೆ ತಾತ್ಕಾಲಿಕವಾಗಿ ನಲವತ್ತು ವರ್ಷ ಬಾಳಿದ ಜಾಗ, ಆ ರೈಲ್ವೆ ಇಲ್ಲವಾದ ದಿನ ಖಾಯಂ ಆಯಿತು!

ಹೊಸ ಹೊಕ್ಕೈಡೊ ಕಂಪೆನಿ ಲಾಭ ಮಾಡಲಾರದೆಂದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಜನ ಕಡಿಮೆ, ದೂರ ಹೆಚ್ಚು, ಹಿಮ ತೆಗೆಯುವ ಖರ್ಚು ಬೇರೆ. ಅದಕ್ಕಾಗಿ ಸರ್ಕಾರ 68,220 ಕೋಟಿ ಯೆನ್‌ಗಳ ನಿಧಿಯೊಂದನ್ನು ಕೊಟ್ಟು, ಅದರ ಬಡ್ಡಿಯಿಂದ ನಷ್ಟ ತುಂಬಿಕೊಳ್ಳಿ ಎಂದಿತು. ಶೇಕಡ 7.3ರಷ್ಟು ಬಡ್ಡಿ ಬರುವುದೆಂದು ಲೆಕ್ಕ. ಆದರೆ 1990ರ ದಶಕದಲ್ಲಿ ಜಪಾನಿನ ಆರ್ಥಿಕತೆ ಕುಸಿದು ಬಡ್ಡಿ ದರ ನೆಲ ಕಚ್ಚಿತು. ನಿಧಿ ಇದ್ದಂತೆಯೇ ಇತ್ತು, ಅದರ ಆದಾಯ ಕರಗಿತು. ಬೆಟ್ಟದ ಬುಡದ ಮರದ ಗೂಡಿನ ಆಯುಷ್ಯ ಎಲ್ಲೋ ದೂರದ ಹಣದ ಪೇಟೆಯಲ್ಲಿ ನಿರ್ಧಾರವಾಯಿತು. ಇದರ ಜೊತೆಗೆ 2011ರಲ್ಲಿ ಎಕ್ಸ್‌ಪ್ರೆಸ್ ಗಾಡಿಯೊಂದು ಸುರಂಗದಲ್ಲಿ ಹೊತ್ತಿ ಉರಿಯಿತು. 2013ರಲ್ಲಿ ಹಳಿ ತಪಾಸಣೆಯ ಅಂಕಿಗಳನ್ನೇ ತಿದ್ದಿದ್ದು ಬಯಲಾಯಿತು. ಇನ್ನು ಸುರಕ್ಷತೆಗೆ ಹಣ ಸುರಿಯದೆ ಗತ್ಯಂತರವಿರಲಿಲ್ಲ. ಕಂಪೆನಿ ಯಾರೂ ಹತ್ತದ ನಿಲ್ದಾಣಗಳ ಪಟ್ಟಿ ಮಾಡಿತು.

ಅಷ್ಟರಲ್ಲಿ ಕಣಿವೆಯೂ ಬರಿದಾಗಿತ್ತು. ಯುವಕರು ಸಾಪ್ಪೊರೊ ಮತ್ತು ಟೋಕಿಯೋ ಸೇರಿದ್ದರು. ಎಂಗರುವಿನಿಂದ ಉತ್ತರಕ್ಕೆ ಹೋಗುತ್ತಿದ್ದ ನಯೋರೊ ಮಾರ್ಗವನ್ನು 1989ರಲ್ಲೇ ಕಿತ್ತಿದ್ದರು. ಒಳ ಶಿರಾತಾಕಿಯೂ ಸೇರಿ ಬೆಟ್ಟದ ಕಡೆಯ ನಾಲ್ಕು ನಿಲ್ದಾಣಗಳು 2001ರ ಜುಲೈ 1ರಂದು ಮುಚ್ಚಿದವು. ಅವುಗಳ ಬಗ್ಗೆ ಯಾವ ಕಥೆಯೂ ಹುಟ್ಟಲಿಲ್ಲ. 2005ರಲ್ಲಿ ಶಿರಾತಾಕಿ ಗ್ರಾಮವೇ ಎಂಗರು ಪಟ್ಟಣದೊಳಗೆ ವಿಲೀನವಾಯಿತು. 2015ರಲ್ಲಿ ಕಂಪೆನಿ ಮೇಲಿನ, ಹಳೆ ಮತ್ತು ಕೆಳ ಶಿರಾತಾಕಿಗಳನ್ನು ಮುಂದಿನ ಮಾರ್ಚ್‌ನಲ್ಲಿ ಮುಚ್ಚುವುದಾಗಿ ತಿಳಿಸಿತು. ಅಲ್ಲಿ ದಿನಕ್ಕೆ ಸರಾಸರಿ ಒಬ್ಬರು ಅಥವಾ ಅದಕ್ಕೂ ಕಡಿಮೆ ಜನ ಹತ್ತುತ್ತಿದ್ದರು.

ಆ ಒಬ್ಬರು ಯಾರೆಂದು ಈಗ ನಿಮಗೆ ತಿಳಿದಿರಬೇಕು. ಎಂಗರುವಿನ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ ಒಬ್ಬ ಹುಡುಗಿ. ಅವಳ ಹೆಸರು ನಮಗೆ ಬೇಡ. ಆಗಲೇ ಬೇಕಾದದ್ದಕ್ಕಿಂತ ಹೆಚ್ಚು ಕ್ಯಾಮೆರಾಗಳು ಅವಳ ಹಿಂದೆ ಬಿದ್ದಿದ್ದವು. ಅವಳು ಹತ್ತುತ್ತಿದ್ದುದು ಹಳೆ ಶಿರಾತಾಕಿಯಲ್ಲಿ. ಜಗತ್ತಿನ ಪತ್ರಿಕೆಗಳು ಬರೆದದ್ದು ಮೇಲಿನ ಶಿರಾತಾಕಿ ಎಂದು. ಮೇಲಿನ ಶಿರಾತಾಕಿಯಲ್ಲಿ ದಿನಕ್ಕೆ ಆ ಕಡೆಗೊಂದು ಈ ಕಡೆಗೊಂದು ಗಾಡಿ ನಿಲ್ಲುತ್ತಿದ್ದುದು ನಿಜ. ಆದರೆ ಅದು ಯಾವ ವಿದ್ಯಾರ್ಥಿನಿಗಾಗಿಯೂ ಅಲ್ಲ. ಬೆಟ್ಟ ದಾಟಿ ಹೋಗುವ ಪ್ಯಾಸೆಂಜರ್ ಗಾಡಿ ದಿನಕ್ಕೆ ಒಂದೇ ಜೊತೆ ಇತ್ತು, ಅಷ್ಟೆ. ಹಳೆ ಶಿರಾತಾಕಿಯಲ್ಲಿ ಬೆಳಿಗ್ಗೆ ಏಳೂ ಕಾಲರ ಸುಮಾರಿಗೆ ಎಂಗರು ಕಡೆಗೆ ಒಂದು ಗಾಡಿ. ಮರಳಿ ಬರಲು ಒಂದಕ್ಕಿಂತ ಹೆಚ್ಚು. ಗಾಡಿಯಲ್ಲಿ ಅವಳೊಬ್ಬಳೇ ಇರಲಿಲ್ಲ. ಬೇರೆ ನಿಲ್ದಾಣಗಳಿಂದ ಹತ್ತಿದ ಶಾಲಾ ಮಕ್ಕಳೂ ಇದ್ದರು.

ಅವಳ ಓದು ಮುಗಿಯುವವರೆಗೆ ಕಾದರೇ? ಜಪಾನಿನಲ್ಲಿ ಶಾಲೆಯ ವರ್ಷ ಮಾರ್ಚ್‌ಗೆ ಮುಗಿಯುತ್ತದೆ. ಹಣಕಾಸಿನ ವರ್ಷವೂ ಮಾರ್ಚ್‌ಗೇ. ರೈಲು ಕಂಪೆನಿಗಳು ತಮ್ಮ ವೇಳಾಪಟ್ಟಿಯನ್ನು ಬದಲಿಸುವುದೂ ಸಾಮಾನ್ಯವಾಗಿ ಮಾರ್ಚ್‌ನಲ್ಲೇ. ಹೀಗಾಗಿ ನಿಲ್ದಾಣವೊಂದನ್ನು ಮುಚ್ಚಿದರೆ ಅದು ಸಾಮಾನ್ಯವಾಗಿ ಯಾರಾದರೊಬ್ಬರು ಓದು ಮುಗಿಸುವ ತಿಂಗಳೇ ಆಗಿರುತ್ತದೆ. ಕಂಪೆನಿ ಕೊಟ್ಟ ಕಾರಣ ಪ್ರಯಾಣಿಕರ ಕೊರತೆ ಮಾತ್ರ.

ಹಾಗಾದರೆ ಆ ಕಥೆಯನ್ನು ಪೂರ್ತಿ ತಳ್ಳಿಹಾಕಬೇಕೇ? ನನಗೆ ಹಾಗನ್ನಿಸುವುದಿಲ್ಲ. ಅರವತ್ತೊಂಬತ್ತು ವರ್ಷ ಅಲ್ಲಿ ಗಾಡಿ ನಿಂತಿತು. ಕೊನೆಯ ವರ್ಷಗಳಲ್ಲಿ ಒಬ್ಬಿಬ್ಬರಿಗಾಗಿಯೂ ಹಿಮ ಗುಡಿಸಿ ಪ್ಲಾಟ್‌ಫಾರ್ಮ್ ತೆರೆದಿಟ್ಟರು. ಒಬ್ಬ ಮಂತ್ರಿಯೋ ಮ್ಯಾನೇಜರರೋ ಕರುಣೆಯಿಂದ ಮಾಡಿದ ಕೆಲಸ ಇದಲ್ಲ. ಹೆಸರೇ ಗೊತ್ತಿಲ್ಲದ ಸ್ಥಳೀಯ ಅಧಿಕಾರಿಗಳು 1947ರಲ್ಲಿ ಮಾಡಿದ ತೀರ್ಮಾನ, ನಂತರದವರು ಅದನ್ನು ರದ್ದು ಮಾಡದೆ ಬಿಟ್ಟದ್ದು, ವಿದ್ಯಾರ್ಥಿ ಪಾಸಿನ ನಿಯಮ, ಸರ್ಕಾರದ ನಿಧಿ, ಇವೆಲ್ಲ ಸೇರಿ ಆ ಗಾಡಿಯನ್ನು ನಿಲ್ಲಿಸಿದವು. ಕರುಣೆಯ ಕಥೆ ಕೇಳಿ ನಾವು ಕಂಪೆನಿಗೆ ಕೈಮುಗಿಯುತ್ತೇವೆ. ನಿಜ ಸಂಗತಿ ಕೇಳಿದರೆ ಬೇರೆ ಪ್ರಶ್ನೆ ಏಳುತ್ತದೆ: ಆ ಹುಡುಗಿ ಒಂದು ವರ್ಷ ಚಿಕ್ಕವಳಾಗಿದ್ದರೆ ಏನಾಗುತ್ತಿತ್ತು? ಅವಳಿಗೆ ಇನ್ನೊಂದು ವರ್ಷದ ಓದು ಬಾಕಿಯಿದ್ದಿದ್ದರೆ 2016ರ ಏಪ್ರಿಲ್‌ನಲ್ಲಿ ಅವಳನ್ನು ಶಾಲೆಗೆ ಮುಟ್ಟಿಸುವ ಹೊಣೆ ಯಾರದಾಗುತ್ತಿತ್ತು? ಮನೆಯವರದೇ, ಅಲ್ಲವೇ? ಮನೆಯಲ್ಲಿ ಕಾರು ಓಡಿಸುವವರು ಇದ್ದರೆ ಸರಿ. ಇಲ್ಲದಿದ್ದರೆ ಪಟ್ಟಣದಲ್ಲಿ ಬಾಡಿಗೆ ಕೋಣೆ.

ಕೊನೆಯ ಗಾಡಿ ನಿಂತದ್ದು 2016ರ ಮಾರ್ಚ್ 25ರಂದು. ಮಾರ್ಚ್ 26ರಿಂದ ಹೊಸ ವೇಳಾಪಟ್ಟಿ ಜಾರಿಗೆ ಬಂತು. ಅದೇ 26ರಂದು ಇದೇ ಕಂಪೆನಿಯ ಬುಲೆಟ್ ರೈಲು ಸಮುದ್ರದಡಿಯ ಸುರಂಗದ ಮೂಲಕ ಮೊಟ್ಟಮೊದಲ ಬಾರಿಗೆ ಹೊಕ್ಕೈಡೊ ದ್ವೀಪಕ್ಕೆ ಬಂದಿತು. ಹಾಕೊಡಾಟೆ ಕಡೆಯಲ್ಲಿ ಬ್ಯಾಂಡು ಬಾಜಾ, ಪತ್ರಿಕೆಗಳಲ್ಲಿ ಮುಖಪುಟ. ಕೂಲಿಗಳ ಸ್ಮಾರಕವಿರುವ ಕಾನೆಹನಾ ನಿಲ್ದಾಣವೂ ಅಂದೇ ಪ್ರಯಾಣಿಕರಿಗೆ ಮುಚ್ಚಿತು. ಅದೇ ವರ್ಷದ ನವೆಂಬರ್‌ನಲ್ಲಿ ಕಂಪೆನಿ ತನ್ನ ಮಾರ್ಗಗಳಲ್ಲಿ ಸುಮಾರು ಅರ್ಧದಷ್ಟನ್ನು, ಅಂದರೆ 1,237 ಕಿಲೋಮೀಟರ್‌ಗಳನ್ನು ತಾನೊಂದೇ ನಡೆಸಲಾರೆನೆಂದು ಹೇಳಿತು. ಆ ಪಟ್ಟಿಯಲ್ಲಿ ಸೆಕಿಹೊಕು ಮಾರ್ಗವೂ ಇತ್ತು. 2021ರ ಮಾರ್ಚ್‌ನಲ್ಲಿ ಹೊಕ್ಕೈಡೊದ ಇನ್ನೂ 18 ನಿಲ್ದಾಣಗಳು ಒಂದೇ ದಿನ ಮುಚ್ಚಿದವು.

ಐದು ಶಿರಾತಾಕಿಗಳಲ್ಲಿ ನಿಲ್ದಾಣವಾಗಿ ಉಳಿದದ್ದು ಒಂದೇ, ಬರೀ ಶಿರಾತಾಕಿ. ಅಲ್ಲಿಯೂ ಸಿಬ್ಬಂದಿಯಿಲ್ಲ. ಅಲ್ಲಿಂದ ಬೆಟ್ಟದಾಚೆಯ ಮುಂದಿನ ನಿಲ್ದಾಣವಾದ ಕಾಮಿಕಾವಾಕ್ಕೆ 37.3 ಕಿಲೋಮೀಟರ್. ಬುಲೆಟ್ ರೈಲಿನ ಮಾರ್ಗಗಳನ್ನು ಬಿಟ್ಟರೆ ಜಪಾನಿನಲ್ಲಿ ಅಕ್ಕಪಕ್ಕದ ಎರಡು ನಿಲ್ದಾಣಗಳ ನಡುವೆ ಇಷ್ಟು ದೂರ ಬೇರೆಲ್ಲೂ ಇಲ್ಲ. ಕೆಳ ಶಿರಾತಾಕಿಯಲ್ಲಿ ಹಳಿಗಳನ್ನು ಕೀಳಲಿಲ್ಲ. ಒಂಟಿ ಹಳಿಯ ಮಾರ್ಗದಲ್ಲಿ ಕ್ರಾಸಿಂಗ್‌ಗೆ ಬೇಕೆಂದು ಅದನ್ನು ಸಿಗ್ನಲ್ ಸ್ಥಳವಾಗಿ ಉಳಿಸಿಕೊಂಡರು. ಎದುರಿನ ಗಾಡಿಗೆ ದಾರಿ ಬಿಡಲು ಅಲ್ಲಿ ರೈಲು ನಿಲ್ಲುತ್ತದೆ. ಬಾಗಿಲು ಮಾತ್ರ ತೆರೆಯುವುದಿಲ್ಲ.